ಗೇಟಿನಲ್ಲಿ ಅಬ್ಬರಿಸುವ, ಬೀದಿಯಲ್ಲಿ ನಡುಗುವ ನಾಯಿಗೆ ಸಮಾಧಾನ ಕಲಿಸುವುದು ಹೇಗೆ?

ಎಸ್.ಎಸ್. ಪುರಂ ನಿವಾಸಿ
ಎಲ್ಲರಿಗೂ ನಮಸ್ಕಾರ. ಕಳೆದ ವರ್ಷದ ಮಳೆಗಾಲದಲ್ಲಿ ನಮ್ಮ ಮಕ್ಕಳು ಚರಂಡಿಯ ಪಕ್ಕ ಒದ್ದೆಯಾಗಿ ಕುಳಿತಿದ್ದ ಹೆಣ್ಣುಮರಿಯೊಂದನ್ನು ಮನೆಗೆ ತಂದರು. ಬೆಳ್ಳಿ ಎಂದು ಹೆಸರಿಟ್ಟೆವು. ಮನೆಯೊಳಗೆ ಅದರಷ್ಟು ಸಾಧು ಜೀವ ಇನ್ನೊಂದಿಲ್ಲ. ಆದರೆ ಗೇಟಿನಾಚೆ ಯಾರ ಚಪ್ಪಲಿಯ ಸದ್ದಾದರೂ ಸಾಕು, ಎಗರಿ ಎಗರಿ ಬೊಗಳುತ್ತದೆ. ಗ್ಯಾಸ್ ಸಿಲಿಂಡರ್ ತರುವವರು ಈಗ ರಸ್ತೆಯ ತಿರುವಿನಲ್ಲಿಯೇ ನಿಂತು ಫೋನ್ ಮಾಡುತ್ತಾರೆ. ಅದೇ ನಾಯಿಯನ್ನು ಬಿ.ಎಚ್. ರಸ್ತೆಯ ಕಡೆ ಕರೆದುಕೊಂಡು ಹೋದರೆ ಬಸ್ಸಿನ ಹಾರ್ನ್ ಕೇಳಿದೊಡನೆ ಬಾಲವನ್ನು ಹೊಟ್ಟೆಗೆ ಸೇರಿಸಿಕೊಂಡು ನೆಲಕ್ಕೆ ಕುಸಿಯುತ್ತದೆ. ಬೀದಿನಾಯಿಗಳು ಎದುರಾದರಂತೂ ಹಿಡಿದವರ ತೋಳು ಕಿತ್ತು ಬರುವ ಹಾಗೆ ಎಳೆಯುತ್ತದೆ.

ತರಬೇತುದಾರರೊಬ್ಬರನ್ನು ಕರೆಸಿದ್ದೆವು. ಅವರು ಕುತ್ತಿಗೆ ಬಿಗಿಯುವ ಚೈನು ಹಾಕಿ, ಬೊಗಳಿದಾಗಲೆಲ್ಲ ಜಗ್ಗಿದರು. ಕೆಲವೇ ದಿನಗಳಲ್ಲಿ ಬೊಗಳುವುದು ನಿಂತಿತು. ಅದರ ಜೊತೆಗೇ ನಮ್ಮನ್ನು ಕಂಡು ಬಾಲ ಆಡಿಸುವುದೂ ನಿಂತಿತು. ಈಗ ಚೈನಿನ ಸದ್ದು ಕೇಳಿದರೆ ಮಂಚದ ಕೆಳಗೆ ನುಗ್ಗಿ ಅಲ್ಲಿಯೇ ಉಚ್ಚೆ ಮಾಡಿಕೊಳ್ಳುತ್ತದೆ. ಆ ತರಬೇತಿಯನ್ನು ನಿಲ್ಲಿಸಿದ ಮೇಲೆ ಗೇಟಿನ ಅಬ್ಬರ ಮೊದಲಿಗಿಂತ ಜೋರಾಗಿ ಮರಳಿದೆ. ಹೆದರಿಸದೆ, ಬಡಿಯದೆ ಇದಕ್ಕೆ ಸಮಾಧಾನವನ್ನೂ ಧೈರ್ಯವನ್ನೂ ಕಲಿಸಲು ಸಾಧ್ಯವೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಹೆಬ್ಬೂರು ತೋಟದವರು
ನಿಮ್ಮ ನಾಯಿಗೆ ಮನೆಯ ಯಜಮಾನ ಯಾರೆಂಬುದು ಗೊತ್ತಾಗಿಲ್ಲ, ತೊಂದರೆ ಇರುವುದು ಅಲ್ಲಿ. ನಮ್ಮ ತಂದೆಯವರ ಕಾಲದಿಂದಲೂ ನಮ್ಮ ತೋಟದಲ್ಲಿ ನಾಯಿಗಳಿವೆ. ತಪ್ಪು ಮಾಡಿದ ಗಳಿಗೆಯಲ್ಲಿಯೇ ಒಂದು ಏಟು ಬಿದ್ದರೆ ಮತ್ತೆ ಆ ತಪ್ಪಿನ ತಂಟೆಗೆ ಹೋಗುವುದಿಲ್ಲ. ತೋಳಗಳ ಗುಂಪಿನಲ್ಲಿಯೂ ಮುಖ್ಯ ತೋಳ ಹಲ್ಲು ತೋರಿಸಿಯೇ ಉಳಿದವನ್ನು ಅಂಕೆಯಲ್ಲಿ ಇಟ್ಟುಕೊಳ್ಳುತ್ತದೆ ಎಂದು ಟಿ.ವಿ.ಯಲ್ಲಿಯೂ ತೋರಿಸುತ್ತಾರೆ. ಮಂಚದ ಕೆಳಗೆ ಸೇರಿಕೊಂಡರೆ ಸೇರಿಕೊಳ್ಳಲಿ, ಒಂದು ಹೊತ್ತು ಊಟ ತಪ್ಪಿದರೆ ತಾನಾಗಿಯೇ ಹೊರಗೆ ಬರುತ್ತದೆ.

ಗುಬ್ಬಿ ಯುವಕ
ಹೆದರಿರುವ ಜೀವವನ್ನು ಉಪವಾಸ ಕೆಡವಿ ಇನ್ನಷ್ಟು ಹೆದರಿಸಿದರೆ ಅದಕ್ಕೆ ಧೈರ್ಯ ಎಲ್ಲಿಂದ ಬರಬೇಕು, ಸಾರ್?

ತಿಪಟೂರು ಪಶುವೈದ್ಯೆ
ತರಬೇತಿಯ ಮಾತಿಗೆ ಮೊದಲು ನಾಯಿಯನ್ನು ಪಶುವೈದ್ಯರಿಗೆ ತೋರಿಸಿ. ಕಿವಿಯ ಸೋಂಕು, ಹಲ್ಲುನೋವು, ಕೀಲುನೋವು, ಉಣ್ಣೆಯಿಂದ ಬರುವ ಜ್ವರ, ಇವುಗಳಲ್ಲಿ ಯಾವುದಿದ್ದರೂ ನಾಯಿಯ ಸಹನೆ ಕುಗ್ಗುತ್ತದೆ. ನಮ್ಮ ಕಡೆ ಉಣ್ಣೆಯ ಕಾಟ ವರ್ಷವಿಡೀ ಇರುತ್ತದೆ. ಬೆರಳಿನಿಂದ ಕಿವಿಯ ಬುಡವನ್ನು ಮೆಲ್ಲಗೆ ಒತ್ತಿದಾಗ ತಲೆಯನ್ನು ಹಿಂದಕ್ಕೆ ಎಳೆದುಕೊಂಡರೆ, ಅಥವಾ ಕಿವಿಯೊಳಗಿಂದ ಕಮಟು ವಾಸನೆ ಬಂದರೆ, ಎಂಥ ತರಬೇತಿಯೂ ಔಷಧಿಗೆ ಬದಲಾಗಲಾರದು.

ತೋಟದವರು ಹೇಳಿದ ತೋಳದ ವಿಷಯವನ್ನು ತಿದ್ದಲೇಬೇಕಾಗಿದೆ. ಯಜಮಾನಿಕೆಯ ಆ ಕಲ್ಪನೆಗೆ ಮೂಲವಾದದ್ದು 1947ರಲ್ಲಿ ರುಡಾಲ್ಫ್ ಶೆಂಕೆಲ್ ಪ್ರಕಟಿಸಿದ ಅಧ್ಯಯನ. ಅವರು ನೋಡಿದ್ದು ಕಾಡಿನ ತೋಳಗಳನ್ನಲ್ಲ, ಬಾಸೆಲ್ ಮೃಗಾಲಯದ ಆವರಣದಲ್ಲಿ ಕೂಡಿಹಾಕಿದ್ದ ತೋಳಗಳನ್ನು. ಆ ಕಲ್ಪನೆಯನ್ನು 1970ರಲ್ಲಿ ಜನಪ್ರಿಯಗೊಳಿಸಿದ ಡೇವಿಡ್ ಮೆಕ್ ಅವರೇ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಅನೇಕ ಬೇಸಿಗೆಗಳನ್ನು ಕಾಡುತೋಳಗಳ ನಡುವೆ ಕಳೆದ ನಂತರ, ತೋಳದ ಗುಂಪೆಂದರೆ ತಂದೆ, ತಾಯಿ ಮತ್ತು ಮರಿಗಳಿರುವ ಸಂಸಾರವೇ ಹೊರತು ಗದ್ದುಗೆಗಾಗಿ ಕಾದಾಡುವ ದಂಡಲ್ಲ ಎಂದು 1999ರಲ್ಲಿ ಬರೆದರು.

ಹೊಡೆತದ ಫಲ ಏನೆಂಬುದಕ್ಕೂ ಲೆಕ್ಕವಿದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹೊಡೆತ ಅಥವಾ ಒದೆ ತಿಂದ ನಾಯಿಗಳಲ್ಲಿ ನೂರಕ್ಕೆ 43ರಷ್ಟು ತಿರುಗಿ ಬಿದ್ದಿದ್ದವು. ಇದಕ್ಕಿಂತಲೂ ಅಪಾಯಕಾರಿಯಾದದ್ದು ಗುರ್ರೆನ್ನುವ ನಾಯಿಯನ್ನು ಹೊಡೆದು ಸುಮ್ಮನಾಗಿಸುವುದು. ಗುರುಗುಟ್ಟುವಿಕೆ ಅದರ ಎಚ್ಚರಿಕೆಯ ಮಾತು. ಆ ಮಾತನ್ನು ಅಡಗಿಸಿದರೆ ಒಳಗಿನ ಭಯ ಹಾಗೆಯೇ ಉಳಿದು, ಮುಂದೊಂದು ದಿನ ಸೂಚನೆಯನ್ನೇ ಕೊಡದೆ ನೇರವಾಗಿ ಕಚ್ಚುತ್ತದೆ. ಬೆಳ್ಳಿ ಬೊಗಳುವುದನ್ನು ನಿಲ್ಲಿಸಿದ್ದು ಸಮಾಧಾನದಿಂದಲ್ಲ, ದಿಕ್ಕು ತೋಚದೆ.

ಎಸ್.ಎಸ್. ಪುರಂ ನಿವಾಸಿ
ಧನ್ಯವಾದಗಳು ಮೇಡಂ. ಈ ವಾರದಲ್ಲಿಯೇ ಕಿವಿಯನ್ನೂ ರಕ್ತವನ್ನೂ ಪರೀಕ್ಷೆ ಮಾಡಿಸುತ್ತೇನೆ. ಆದರೆ ದಿನ ಬೆಳಗಾದರೆ ಹಾಲಿನವರು, ಪೇಪರಿನವರು, ಕೊರಿಯರಿನವರು ಬರುತ್ತಲೇ ಇರುತ್ತಾರಲ್ಲ, ಅಷ್ಟರಲ್ಲಿ ಗೇಟಿನ ಬಳಿ ನಾನು ಏನು ಮಾಡಬೇಕು?

ಬಟವಾಡಿ ಗೃಹಿಣಿ
ಇದಕ್ಕೆ ನಾನು ಉತ್ತರ ಹೇಳಬಲ್ಲೆ, ಏಕೆಂದರೆ ನಮ್ಮ ಕರಿಯನೂ ಹೀಗೆಯೇ ಇದ್ದ. ಮೊದಲು ಗೇಟಿನ ಕಂಬಿಗಳಿಗೆ ಕೆಳಭಾಗದಲ್ಲಿ ಶೀಟ್ ಹೊಡೆಸಿ, ಹೊರಗಿನ ಕಾಲುಗಳು ಕಾಣದಂತೆ ಮಾಡಿ. ನೀವು ಇಲ್ಲದ ವೇಳೆಯಲ್ಲಿ ನಾಯಿಯನ್ನು ಅಂಗಳದಲ್ಲಿ ಬಿಡಬೇಡಿ. ಅದು ಬೊಗಳುತ್ತದೆ, ಹಾಲಿನವರು ಹಾಲು ಹಾಕಿ ತಮ್ಮ ಪಾಡಿಗೆ ಹೋಗುತ್ತಾರೆ, ತಾನು ಬೊಗಳಿದ್ದರಿಂದಲೇ ಹೋದರು ಎಂದು ಅದು ತಿಳಿಯುತ್ತದೆ. ಪ್ರತಿದಿನ ಬೆಳಿಗ್ಗೆ ಆ ಪಾಠ ಗಟ್ಟಿಯಾಗುತ್ತಾ ಹೋಗುತ್ತದೆ.

ಆಮೇಲೆ ಮಡಿಸಿದ ಗೋಣಿಚೀಲವನ್ನೋ ಹಳೆಯ ಕಂಬಳಿಯನ್ನೋ ಹಜಾರದ ಮೂಲೆಯಲ್ಲಿ ಹಾಸಿ. ಮನೆ ನಿಶ್ಶಬ್ದವಾಗಿರುವಾಗ ಕಲಿಕೆ ಶುರುವಾಗಬೇಕು. ನಾಯಿ ತಾನಾಗಿ ಅದರ ಮೇಲೆ ಕಾಲಿಟ್ಟ ಕ್ಷಣ "ಭೇಷ್" ಎಂದು ಮೆಲ್ಲಗೆ ಹೇಳಿ, ಕಡಲೆಕಾಳಿನಷ್ಟು ಬೇಯಿಸಿದ ಕೋಳಿಮಾಂಸದ ಚೂರನ್ನು ಗೋಣಿಯ ಮೇಲೆಯೇ ಇಡಿ, ಕೈಯಿಂದ ಬಾಯಿಗೆ ಕೊಡಬೇಡಿ. ಕುಳಿತರೆ ಇನ್ನೊಂದು ಚೂರು, ಮಲಗಿದರೆ ಮತ್ತೊಂದು. ಎಲ್ಲಕ್ಕಿಂತ ದೊಡ್ಡ ಗುರುತು ಸೊಂಟದಲ್ಲಿದೆ: ಎರಡೂ ಹಿಂಗಾಲುಗಳನ್ನು ಹೊಟ್ಟೆಯಡಿ ಮಡಿಸಿಕೊಂಡು ಮಲಗಿದ್ದರೆ ಅದು ಯಾವ ಕ್ಷಣದಲ್ಲಾದರೂ ಎದ್ದು ಓಡಲು ಸಿದ್ಧವಾಗಿದೆ ಎಂದರ್ಥ, ಸೊಂಟವನ್ನು ಒಂದು ಪಕ್ಕಕ್ಕೆ ಹೊರಳಿಸಿ, ಗದ್ದವನ್ನು ನೆಲಕ್ಕೆ ಊರಿ, ಮೂಗಿನಿಂದ ಒಂದು ದೀರ್ಘ ಉಸಿರು ಬಿಟ್ಟರೆ ನಿಜವಾಗಿ ಸಡಿಲವಾಗಿದೆ. ಆ ಉಸಿರಿಗಾಗಿ ಕಾದು ಆಗ ಕೊಡಿ.

ಇಷ್ಟು ರೂಢಿಯಾದ ಮೇಲೆ ಮನೆಯವರಲ್ಲಿ ಒಬ್ಬರು ಒಳಗಿನಿಂದಲೇ ಚಿಲಕ ಅಲ್ಲಾಡಿಸಲಿ, ನಂತರ ಹೊರಗಿನಿಂದ, ನಂತರ ನೆರೆಯವರು. ಚಿಲಕದ ಸದ್ದು ಎಂದರೆ ಗೋಣಿಯ ಕಡೆಗೆ ಓಡಬೇಕಾದ ಸಮಯ ಎಂದು ಅದಕ್ಕೆ ಅನ್ನಿಸುವ ತನಕ ಅವಸರ ಬೇಡ.

ಶಿರಾ ಗೇಟ್ ವಕೀಲರು
ಒಪ್ಪುವುದು ಕಷ್ಟ. ತಿನಿಸು ಕೊಟ್ಟರೆ ಮಾತ್ರ ಮಾತು ಕೇಳುವ ನಾಯಿ, ಕೈ ಖಾಲಿಯಾದ ದಿನ ಕೇಳುತ್ತದೆಯೇ? ಇದು ಲಂಚ ಕೊಟ್ಟು ಕೆಲಸ ಮಾಡಿಸಿಕೊಂಡಂತೆ ಆಗುವುದಿಲ್ಲವೇ?

ಕ್ಯಾತ್ಸಂದ್ರ ಮೇಷ್ಟ್ರು
ಅದು ಯಾವುದು ಮೊದಲು, ಯಾವುದು ನಂತರ ಎಂಬುದರ ಮೇಲೆ ನಿಂತಿದೆ, ವಕೀಲರೇ. ತಿನಿಸನ್ನು ಮೊದಲೇ ಕೈಯಲ್ಲಿ ಆಡಿಸಿ ಕರೆದರೆ ನಾಯಿ ನೋಡುವುದು ತಿನಿಸನ್ನು, ನಿಮ್ಮನ್ನಲ್ಲ. ಕೈ ಖಾಲಿಯಾದರೆ ಅದು ಬರುವುದಿಲ್ಲ ಎಂಬ ನಿಮ್ಮ ಮಾತು ಅಲ್ಲಿ ಸರಿ. ನಾಯಿ ಕೆಲಸ ಮಾಡಿದ ಮೇಲೆ ಜೇಬಿನಿಂದ ತೆಗೆದುಕೊಟ್ಟರೆ ಅದು ಕೆಲಸವನ್ನೇ ನೆನಪಿಡುತ್ತದೆ, ಆ ನಂತರ ಒಮ್ಮೆ ಕೊಟ್ಟು ಒಮ್ಮೆ ಕೊಡದಿದ್ದರೂ ಅಭ್ಯಾಸ ಕೆಡುವುದಿಲ್ಲ.

ಭಯದ ವಿಷಯಕ್ಕೆ ಬಂದರೆ ಕ್ರಮ ಇನ್ನೂ ಮುಖ್ಯವಾಗುತ್ತದೆ. 1904ರಲ್ಲಿ ನೊಬೆಲ್ ಪಡೆದ ರಷ್ಯಾದ ಶರೀರಶಾಸ್ತ್ರಜ್ಞ ಇವಾನ್ ಪಾವ್ಲೊವ್ ತೋರಿಸಿದ್ದೇ ಇದನ್ನು: ಮೊದಲು ಸದ್ದು, ಅದರ ಬೆನ್ನಿಗೆ ಊಟ, ಹೀಗೆ ನಡೆದರೆ ಸದ್ದಿಗೇ ಜೊಲ್ಲು ಬರುತ್ತದೆ. ಬೆಳ್ಳಿಗೂ ಹಾಗೆಯೇ, ದೂರದಲ್ಲಿ ಹಾರ್ನ್ ಕೇಳಿದ ನಂತರವೇ ಮಾಂಸದ ಚೂರು ಬರಬೇಕು. ಚೂರು ಮೊದಲು ಬಂದು ಹಾರ್ನ್ ಆಮೇಲೆ ಬಂದರೆ, ಕೆಲವೇ ದಿನಗಳಲ್ಲಿ ಚೂರನ್ನು ಕಂಡರೇ ಹೆದರುವಂತೆ ಆಗುತ್ತದೆ. ಸಂಯಮದಿಂದ ಮಾಡಿದರೂ ಫಲ ಸಿಗದಿರುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ.

ಹೆಬ್ಬೂರು ತೋಟದವರು
ಪುಸ್ತಕದ ಮಾತು ಇರಲಿ, ಮೇಷ್ಟ್ರೇ. ನಮ್ಮ ಕಡೆ 2019, 2020ರಲ್ಲಿ ಚಿರತೆಯ ದಾಳಿಗೆ ಮನುಷ್ಯರೇ ಬಲಿಯಾದದ್ದು ಎಲ್ಲರಿಗೂ ಗೊತ್ತಿದೆ. ತೋಟದ ಮನೆಗೆ ಬೇಕಾಗಿರುವುದು ಗೋಣಿಯ ಮೇಲೆ ಮಲಗಿ ಉಸಿರು ಬಿಡುವ ನಾಯಿಯಲ್ಲ, ರಾತ್ರಿಯೆಲ್ಲ ಕೂಗಿ ಎಚ್ಚರಿಸುವ ನಾಯಿ. ಅದಕ್ಕಾಗಿ ಹಗಲು ಕಟ್ಟಿಹಾಕಿ ಸಿಟ್ಟು ಏರಿಸಬೇಕಾಗುತ್ತದೆ.

ಮಧುಗಿರಿ ಮುಧೋಳ
ಕ್ಷಮಿಸಿ, ಕಟ್ಟಿಹಾಕಿ ಸಿಟ್ಟು ಏರಿಸಿದ ನಾಯಿ ಒಳ್ಳೆಯ ಕಾವಲುಗಾರ ಎಂಬುದನ್ನು ಖಂಡಿತ ಒಪ್ಪಲಾರೆ. ಅದು ಎಲೆ ಅಲ್ಲಾಡಿದರೂ ಕೂಗುತ್ತದೆ, ಹೀಗಾಗಿ ನಿಜವಾಗಿ ಚಿರತೆ ಬಂದ ರಾತ್ರಿ ಮನೆಯವರು ಮಗ್ಗುಲು ಬದಲಿಸಿ ಮಲಗುತ್ತಾರೆ. ಧೈರ್ಯವಿರುವ ನಾಯಿ ಸುಮ್ಮನೆ ಬೊಗಳುವುದಿಲ್ಲ. ಇನ್ನೊಂದು ಮಾತು, ರಾತ್ರಿ ಅಂಗಳದಲ್ಲಿ ಚೈನು ಹಾಕಿ ಬಿಟ್ಟ ನಾಯಿ ಕಾವಲುಗಾರನಲ್ಲ, ಚಿರತೆಗೆ ಕಟ್ಟಿಟ್ಟ ಆಹಾರ.

ನನ್ನ ಬಳಿ ಇರುವುದು ಮುಧೋಳ ನಾಯಿ. ಕಣ್ಣಿನಿಂದ ಬೇಟೆ ಹುಡುಕಿ ಓಡುವ ತಳಿ. ಕುರಿ ಓಡಿದರೆ ಅದರ ಕಿವಿಗೆ ನನ್ನ ಕೂಗು ತಲುಪುವುದಿಲ್ಲ. ಗದರಿದರೆ ದಿನವಿಡೀ ಮುಖ ತಿರುಗಿಸಿಕೊಂಡು ಕೂರುವಷ್ಟು ಸೂಕ್ಷ್ಮ. ಉದ್ದನೆಯ ಹಗ್ಗ ಕಟ್ಟಿ, ಕುರಿಮಂದೆ ಚುಕ್ಕಿಯಂತೆ ಕಾಣುವಷ್ಟು ದೂರದಲ್ಲಿ ನಿಂತು, ಅದು ಮಂದೆಯನ್ನು ಬಿಟ್ಟು ನನ್ನತ್ತ ನೋಡಿದಾಗಲೆಲ್ಲ ಬಹುಮಾನ ಕೊಡುತ್ತಾ ಬಂದೆ. ಸೇನೆಯ ಪ್ರಾಣಿಗಳನ್ನು ನೋಡಿಕೊಳ್ಳುವ ವಿಭಾಗವಾದ ರಿಮೌಂಟ್ ಮತ್ತು ವೆಟರ್ನರಿ ಕೋರ್ ಕೂಡ ಮುಧೋಳ ನಾಯಿಗಳನ್ನು ಮೀರತ್‌ನಲ್ಲಿ ತರಬೇತಿಗೆ ತೆಗೆದುಕೊಂಡಿತ್ತು. ಈ ತಳಿಗೆ ಬುದ್ಧಿ ಸಾಲದು ಎನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನು.

ಅಮಾನಿಕೆರೆ ನಡಿಗೆದಾರ
ಬೆಳ್ಳಿಯ ನಡಿಗೆಯ ಬಗ್ಗೆ ಯಾರೂ ಹೇಳಿಲ್ಲ. ಬಿ.ಎಚ್. ರಸ್ತೆಯನ್ನು ಸದ್ಯಕ್ಕೆ ಮರೆತುಬಿಡಿ. ಹೆದರುವ ನಾಯಿಯನ್ನು ಬಸ್ಸುಗಳ ನಡುವೆ ನಿಲ್ಲಿಸಿ "ಅಭ್ಯಾಸವಾಗಲಿ" ಎನ್ನುವುದರಿಂದ ಅಭ್ಯಾಸವಾಗುವುದು ಭಯವೇ. ಬೆಳಕು ಹರಿಯುವ ಮೊದಲು ಸದ್ದಿಲ್ಲದ ಅಡ್ಡರಸ್ತೆಯಲ್ಲಿ ನಡೆಸಿ. ಕುತ್ತಿಗೆಯ ಬೆಲ್ಟಿನ ಬದಲು ಎದೆಗೆ ಹಾಕುವ ಪಟ್ಟಿ ಇರಲಿ, ಹಗ್ಗ ಸಡಿಲವಾಗಿರಲಿ. ಹಗ್ಗವನ್ನು ಬಿಗಿಹಿಡಿದರೆ ನಿಮ್ಮ ಕೈಯ ಆತಂಕವೂ ಅದರ ಎದೆಗೆ ಇಳಿಯುತ್ತದೆ.

ಮೂಸಲು ಬಿಡಿ. ಅವಸರದಲ್ಲಿ ಎಳೆದುಕೊಂಡು ಹೋಗುವವರಿಗೆ ನಾಯಿ ಒಂದೇ ಕಂಬದ ಬುಡದಲ್ಲಿ ಅಷ್ಟು ಹೊತ್ತು ನಿಲ್ಲುವುದು ಸೋಮಾರಿತನವಾಗಿ ಕಾಣುತ್ತದೆ. ಅದು ಅಲ್ಲಿ ಬೀದಿಯ ಸಮಾಚಾರವನ್ನೆಲ್ಲ ತಿಳಿದುಕೊಳ್ಳುತ್ತಿರುತ್ತದೆ. ಮೂಗಿಗೆ ಕೆಲಸ ಸಿಕ್ಕಿದ ನಾಯಿ ಓಡಿ ದಣಿದ ನಾಯಿಗಿಂತ ಚೆನ್ನಾಗಿ ನಿದ್ರೆ ಮಾಡುತ್ತದೆ. ಬೀದಿನಾಯಿಗಳ ಗುಂಪು ಕಂಡರೆ, ಬೆಳ್ಳಿ ಅವನ್ನು ನೋಡಿಯೂ ನಿಮ್ಮ ಕೈಯಿಂದ ತಿನ್ನಬಲ್ಲಷ್ಟು ದೂರದಲ್ಲಿ ನಿಲ್ಲಿ. ತಿನ್ನಲು ನಿರಾಕರಿಸಿದರೆ ನೀವು ತೀರ ಹತ್ತಿರ ಬಂದಿದ್ದೀರಿ ಎಂದು ತಿಳಿದು, ಅರ್ಧವೃತ್ತವಾಗಿ ಸುತ್ತು ಹಾಕಿ ಹಿಂದಿರುಗಿ. ನಿದ್ರೆ ಬಂದಿರದಿದ್ದರೂ ತುಟಿ ಸವರುತ್ತಾ ಆಕಳಿಸುವುದು, ಮುಖ ತಿರುಗಿಸುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಇವು ಬೊಗಳುವುದಕ್ಕೂ ಮೊದಲು ಬರುವ ಸೂಚನೆಗಳು.

ಬಟವಾಡಿ ಗೃಹಿಣಿ
ಮೂಗಿನ ಆಟವನ್ನು ಮನೆಯಲ್ಲಿಯೂ ಆಡಿಸಬಹುದು. ರಾಗಿಮುದ್ದೆಯನ್ನು ತಟ್ಟೆಗೆ ಹಾಕುವ ಬದಲು ಸಣ್ಣ ಉಂಡೆಗಳಾಗಿ ಮಾಡಿ ಹುಲ್ಲಿನಲ್ಲಿ ಚೆಲ್ಲಿಬಿಡಿ. ನಮ್ಮ ಕರಿಯನಿಗೆ ಸ್ವಲ್ಪ ಸಾರಿನಲ್ಲಿ ಅದ್ದಿ ಕೊಡುತ್ತೇನೆ, ಹುಡುಕುವ ಉತ್ಸಾಹ ಇನ್ನೂ ಹೆಚ್ಚುತ್ತದೆ.

ತಿಪಟೂರು ಪಶುವೈದ್ಯೆ
ಆಟ ಬಹಳ ಒಳ್ಳೆಯದು ಅಕ್ಕ, ಸಾರು ಮಾತ್ರ ಬೇಡ. ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ, ಬೇಯಿಸಿದರೂ ಅವುಗಳ ವಿಷ ಹೋಗುವುದಿಲ್ಲ. ಉಪ್ಪು, ಒಗ್ಗರಣೆ ಇಲ್ಲದೆ ಕೋಳಿ ಬೇಯಿಸಿದ ನೀರಿನಲ್ಲಿ ಅದ್ದಿ ಕೊಡಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಬಹುಮಾನದ ಪಟ್ಟಿಗೆ ಸೇರಲೇಬಾರದು. ಬೇಯಿಸಿದ ಮೂಳೆಯೂ ಸೀಳಿ ಕರುಳನ್ನು ಚುಚ್ಚಬಹುದು.

ಕೋಲಾರದ ಓದುಗ
ನಮ್ಮ ಮನೆಗೆ ಮುಂದಿನ ವಾರ ಮರಿಯೊಂದು ಬರಲಿದೆ. ಲಸಿಕೆಗಳೆಲ್ಲ ಮುಗಿಯುವ ತನಕ ಹೊರಗೆ ತೋರಿಸಲೇಬಾರದು ಎಂದು ಹೇಳುತ್ತಿದ್ದಾರೆ. ಅದು ಸರಿಯೇ? ದೀಪಾವಳಿಯ ಭಯವೂ ಇದೆ.

ತಿಪಟೂರು ಪಶುವೈದ್ಯೆ
ಪೂರ್ತಿ ಸರಿಯಲ್ಲ. ಮರಿಗೆ ಸುಮಾರು 3 ವಾರದಿಂದ 12 ವಾರದ ತನಕ ಹೊಸದನ್ನು ಭಯವಿಲ್ಲದೆ ಸ್ವೀಕರಿಸುವ ಕಾಲ. ಸ್ಕಾಟ್ ಮತ್ತು ಫುಲ್ಲರ್ ಎಂಬ ಅಮೆರಿಕದ ಸಂಶೋಧಕರು 1965ರಲ್ಲಿಯೇ ಇದನ್ನು ವಿವರಿಸಿದ್ದಾರೆ. ಲಸಿಕೆಗಳು 16 ವಾರದವರೆಗೂ ನಡೆಯುವುದರಿಂದ, ಅಲ್ಲಿಯವರೆಗೆ ಕೋಣೆಯಲ್ಲಿ ಮುಚ್ಚಿಟ್ಟರೆ ಆ ಕಾಲ ಪೂರ್ತಿಯಾಗಿ ಕೈತಪ್ಪಿ ಹೋಗುತ್ತದೆ. ಮೊದಲ ಲಸಿಕೆಯಾಗಿ ಒಂದು ವಾರ ಕಳೆದ ಮೇಲೆ ಮರಿಯನ್ನು ಎತ್ತಿಕೊಂಡು ಓಡಾಡಿ; ಟೋಪಿ ಹಾಕಿದವರು, ಹೆಲ್ಮೆಟ್ ಧರಿಸಿದವರು, ಊರುಗೋಲು ಹಿಡಿದ ಅಜ್ಜ, ಕುಕ್ಕರಿನ ಕೂಗು, ಎಲ್ಲವೂ ಅದರ ಕಣ್ಣು ಕಿವಿಗೆ ಬೀಳಲಿ. ಲಸಿಕೆ ಹಾಕಿಸದ ನಾಯಿಗಳು ಓಡಾಡುವ ನೆಲದ ಮೇಲೆ ಬಿಡಬೇಡಿ. ರೇಬಿಸ್ ಲಸಿಕೆಯನ್ನು 3 ತಿಂಗಳಿಗೆ ಮರೆಯದೆ ಹಾಕಿಸಿ.

ಪಟಾಕಿಯ ಮಾತು: ನಮಗೆ 20,000 ಹರ್ಟ್ಸ್ ತನಕ ಕೇಳಿದರೆ ನಾಯಿಗೆ ಸುಮಾರು 45,000 ಹರ್ಟ್ಸ್ ತನಕ ಕೇಳುತ್ತದೆ. ಹಬ್ಬಕ್ಕೆ ಕೆಲವು ವಾರ ಮುಂಚಿನಿಂದ ಮೊಬೈಲಿನಲ್ಲಿ ಪಟಾಕಿಯ ಸದ್ದನ್ನು ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ ಊಟ ಕೊಡಿ, ನಾಯಿ ಕಿವಿ ನಿಮಿರಿಸದಿದ್ದರೆ ಮಾತ್ರ ಸ್ವಲ್ಪ ಏರಿಸಿ. ಹಬ್ಬದ ರಾತ್ರಿ ಒಳಕೋಣೆಯಲ್ಲಿ ಫ್ಯಾನ್ ಹಾಕಿ ಜೊತೆಗೆ ಕುಳಿತಿರಿ. ಹೆದರಿದಾಗ ಮುದ್ದು ಮಾಡಿದರೆ ಭಯ ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹತ್ತಿರ ಬಂದರೆ ಮೈ ಸವರಿ. ಮನುಷ್ಯರ ನಿದ್ರೆ ಮಾತ್ರೆಯನ್ನು ಯಾವ ಕಾರಣಕ್ಕೂ ಕೊಡಬೇಡಿ, ಅಗತ್ಯವಿದ್ದರೆ ಪಶುವೈದ್ಯರೇ ಸೂಕ್ತ ಔಷಧಿ ಬರೆಯುತ್ತಾರೆ.

ಶಿರಾ ಗೇಟ್ ವಕೀಲರು
ತಿನಿಸಿನ ವಿಷಯದಲ್ಲಿ ಮೇಷ್ಟ್ರ ವಿವರಣೆಯಿಂದ ನನ್ನ ಅನುಮಾನ ಬಹುಮಟ್ಟಿಗೆ ಪರಿಹಾರವಾಗಿದೆ. ನನ್ನ ವೃತ್ತಿಯ ಎರಡು ಮಾತು ಸೇರಿಸುತ್ತೇನೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ತೀರ ಗಿಡ್ಡ ಅಥವಾ ಭಾರದ ಚೈನಿನಲ್ಲಿ ಪ್ರಾಣಿಯನ್ನು ವಿಪರೀತ ಹೊತ್ತು ಕಟ್ಟಿಹಾಕುವುದೂ, ಸದಾ ಕಟ್ಟಿಹಾಕಿದ ನಾಯಿಗೆ ಓಡಾಟ ಕೊಡದಿರುವುದೂ ಅಪರಾಧ. ಹಾಗೆಯೇ, ಸಾಕಿದ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ 6 ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಗ್ಯಾಸ್ ತರುವವರಿಗೆ ಹಲ್ಲು ತಾಗಿದರೆ ಹೊಣೆ ಮನೆಯವರದೇ.

ಗುಬ್ಬಿ ಯುವಕ
ಹಲ್ಲು ತಾಗಿದರೆ ಸುಣ್ಣ, ಖಾರದ ಪುಡಿ ಹಚ್ಚುವವರು ನಮ್ಮ ಊರಿನಲ್ಲಿ ಈಗಲೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿಸಬೇಕು.

ಎಸ್.ಎಸ್. ಪುರಂ ನಿವಾಸಿ
ಎಲ್ಲರೂ ಕೇಳುತ್ತಿದ್ದೀರಿ, ಆದ್ದರಿಂದ ಈಗಿನ ಸ್ಥಿತಿ ತಿಳಿಸುತ್ತೇನೆ. ಬೆಳ್ಳಿಯ ಎಡಗಿವಿಯಲ್ಲಿ ಸೋಂಕು ಇತ್ತು, ಔಷಧಿ ಮುಗಿದಿದೆ. ಗೇಟಿಗೆ ಶೀಟ್ ಹೊಡೆಸಿದ್ದೇವೆ. ಹಾಲಿನವರು ಬಂದರೆ ಈಗ ಒಂದೆರಡು ಸಲ ಬೊಗಳಿ, ನನ್ನ ಮುಖ ನೋಡಿ, ಗೋಣಿಯ ಮೇಲೆ ಹೋಗಿ ಕೂರುತ್ತದೆ. ಸಿಲಿಂಡರಿನ ಸದ್ದು ಇನ್ನೂ ತಡೆಯುವುದಿಲ್ಲ, ಆ ದಿನ ಒಳಕೋಣೆಯಲ್ಲಿ ಇರಿಸುತ್ತೇವೆ. ನಡಿಗೆಯಲ್ಲಿ ಬೀದಿನಾಯಿಗಳ ಸಮಸ್ಯೆ ಹಾಗೆಯೇ ಇದೆ. ನಾವು ದೂರ ಹೋದರೂ ಅವೇ ಹತ್ತಿರ ಬರುತ್ತವೆ.

ಅಮಾನಿಕೆರೆ ನಡಿಗೆದಾರ
ಓಡಬೇಡಿ, ಕಲ್ಲು ಎತ್ತಬೇಡಿ. ಬೆಳ್ಳಿಯನ್ನು ನಿಮ್ಮ ಹಿಂದಕ್ಕೆ ತಂದು, ಒಂದು ಹಿಡಿ ತಿನಿಸನ್ನು ಅವುಗಳ ಮುಂದೆ ನೆಲಕ್ಕೆ ಚೆಲ್ಲಿ, ಅವು ಹೆಕ್ಕಿ ತಿನ್ನುವಷ್ಟರಲ್ಲಿ ಪಕ್ಕಕ್ಕೆ ಸರಿದು ನಡೆಯಿರಿ. ನಿಮ್ಮ ಬೀದಿಯಲ್ಲಿ ಅವಕ್ಕೆ ಊಟ ಹಾಕುವವರು ಯಾರಾದರೂ ಇದ್ದೇ ಇರುತ್ತಾರೆ. ಅವರ ಪರಿಚಯ ಮಾಡಿಕೊಂಡು, ನಗರಪಾಲಿಕೆಯ ಮೂಲಕ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಲಸಿಕೆಯೂ ಆಗುವಂತೆ ಒಟ್ಟಾಗಿ ಅರ್ಜಿ ಕೊಡಿ.

ಹೆಬ್ಬೂರು ತೋಟದವರು
ಗದರದೆ ನಾಯಿ ಸಾಕಬಹುದು ಎಂಬುದನ್ನು ನಾನು ಈಗಲೂ ಪೂರ್ತಿ ಒಪ್ಪಿಲ್ಲ. ಕಟ್ಟಿಹಾಕುವ ವಿಷಯದಲ್ಲಿ ಮಾತ್ರ ಮಧುಗಿರಿಯವರು ಹೇಳಿದ್ದು ಯೋಚನೆಗೆ ಹಚ್ಚಿದೆ. ಪೂರ್ತಿ ಬಿಟ್ಟರೆ ಪಕ್ಕದ ತೋಟದ ಕೋಳಿಗಳಿಗೆ ಅಪಾಯ. ಎರಡು ತೆಂಗಿನ ಮರಗಳ ನಡುವೆ ತಂತಿ ಎಳೆದು, ಅದಕ್ಕೆ ಬಳೆ ಪೋಣಿಸಿ, ನಾಯಿ ಉದ್ದಕ್ಕೂ ಓಡಾಡುವಂತೆ ಮಾಡಿದರೆ ಆಗುತ್ತದೆಯೇ, ಡಾಕ್ಟರಮ್ಮ?

ತಿಪಟೂರು ಪಶುವೈದ್ಯೆ
ಗಿಡ್ಡ ಚೈನಿಗಿಂತ ಎಷ್ಟೋ ಮೇಲು, ಸಾರ್. ಏರುದನಿಯಲ್ಲಿ ಒಮ್ಮೆ "ಬೇಡ" ಎಂದರೆ ನಾಯಿ ಹಾಳಾಗುವುದಿಲ್ಲ, ಆ ಮಾತಿನ ಹಿಂದೆ ಕೋಲು ಬರುತ್ತದೆ ಎಂಬ ಭಯ ಇರಬಾರದು ಅಷ್ಟೇ. ತಂತಿಯ ಎರಡೂ ತುದಿಯಲ್ಲಿ ಮರಕ್ಕಿಂತ ಒಂದು ಮಾರು ಮೊದಲೇ ಬಳೆಗೆ ತಡೆ ಹಾಕಿ, ಇಲ್ಲದಿದ್ದರೆ ಹಗ್ಗ ಬುಡಕ್ಕೆ ಸುತ್ತಿಕೊಳ್ಳುತ್ತದೆ. ಕಾಯಿ, ಗರಿ ಬೀಳುವ ಜಾಗವನ್ನು ಬಿಟ್ಟು ಕಟ್ಟಿ. ನೆರಳೂ ನೀರೂ ಕೈಗೆಟಕುವಷ್ಟು ಹತ್ತಿರ ಇರಲಿ. ಹಗ್ಗವನ್ನು ಕುತ್ತಿಗೆಗಲ್ಲದೆ ಎದೆಪಟ್ಟಿಗೆ ಸೇರಿಸಿ. ದಿನಕ್ಕೆ ಎರಡು ಸಲವಾದರೂ ಬಿಡಿಸಿ ನಿಮ್ಮ ಜೊತೆ ತೋಟ ಸುತ್ತಿಸಿ, ಕತ್ತಲಾಗುವ ಮೊದಲು ಕೊಟ್ಟಿಗೆಯೊಳಗೆ ಸೇರಿಸಿ ಬಾಗಿಲು ಹಾಕಿ. ಅಲ್ಲಿಂದ ಬೊಗಳಿದರೂ ನಿಮಗೆ ಕೇಳಿಸುತ್ತದೆ.